ಬೈಲಿನ ಹುಲ್ಲು, ಹಸಿ ಸೊಪ್ಪು ಮತ್ತು ಯಕೃತ್ತಿನ ಹುಳು

ಮಳೆಗಾಲ ಹಿಂದೆ ಸರಿದು ಕಾರ್ತಿಕ ಕಾಲಿಟ್ಟಿತೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳ ಗುಡ್ಡಗಳಲ್ಲಿ ಮುಳಿಹುಲ್ಲು ಒಣಗತೊಡಗುತ್ತದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಸೀಮೆಯಾದರೂ ಆಮೇಲೆ ಹಸಿರು ಉಳಿಯುವುದು ಬೈಲುಗದ್ದೆಗಳಲ್ಲಿ, ತೋಡಿನ ಅಂಚಿನಲ್ಲಿ, ಅಡಿಕೆ ತೋಟದ ಕಣಿಗಳಲ್ಲಿ ಮಾತ್ರ. ಮೇಯುವ ದನಗಳು ಸಹಜವಾಗಿ ಅಲ್ಲಿಗೇ ಇಳಿಯುತ್ತವೆ. ಮೂರು ನಾಲ್ಕು ತಿಂಗಳು ಕಳೆದ ಮೇಲೆ ‘ಹಿಂಡಿ ಹಾಕಿದರೂ ಹಾಲು ಏರುತ್ತಿಲ್ಲ’ ಎಂಬ ಮಾತು ಹಟ್ಟಿಯಿಂದ ಹಟ್ಟಿಗೆ ಕೇಳಿಬರುತ್ತದೆ. ದನ ಬಡವಾಗುತ್ತದೆ, ಕಣ್ಣಿನ ಒಳರೆಪ್ಪೆ ಬಿಳಿಚುತ್ತದೆ, ಸೆಗಣಿ ತೆಳುವಾಗುತ್ತದೆ. ಕೆಲವಕ್ಕೆ ಗದ್ದದ ಕೆಳಗೆ ನೀರು ತುಂಬಿದ ಚೀಲದಂತೆ ಊತ ಇಳಿಬೀಳುತ್ತದೆ. ಇಂತಹ ಲಕ್ಷಣಗಳು ಕಂಡಾಗ ಪಶುವೈದ್ಯರು ಮೊದಲು ಸಂಶಯಿಸುವ ಕಾರಣಗಳಲ್ಲಿ ಒಂದು ‘ಲಿವರ್ ಫ್ಲೂಕ್’, ಅಂದರೆ ಯಕೃತ್ತಿನ ಚಪ್ಪಟೆ ಹುಳು.

ನಮ್ಮ ನಾಡಿನ ದನ, ಎಮ್ಮೆಗಳಲ್ಲಿ ಹೆಚ್ಚಾಗಿರುವುದು ಫ್ಯಾಸಿಯೋಲಾ ಜೈಗಾಂಟಿಕಾ ಎಂಬ ಜಾತಿ. ಎಲೆಯಾಕಾರದ, ಎರಡೂವರೆಯಿಂದ ಏಳು ಸೆಂಟಿಮೀಟರಿನವರೆಗೆ ಬೆಳೆಯುವ ಈ ಹುಳು ಪಿತ್ತನಾಳಗಳಲ್ಲಿ ನೆಲೆಸಿ ದಿನಕ್ಕೆ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಮೊಟ್ಟೆಗಳು ಸೆಗಣಿಯೊಡನೆ ಹೊರಬಿದ್ದು ನೀರಿನಲ್ಲಿ ಒಡೆಯುತ್ತವೆ. ಹೊರಬಂದ ಮರಿ ಒಂದು ದಿನದೊಳಗೆ ಲಿಮ್ನಿಯಾ ಎಂಬ ಗುಂಪಿನ ಸಿಹಿನೀರಿನ ಬಸವನಹುಳುವನ್ನು ಹೊಗಬೇಕು, ಇಲ್ಲವಾದರೆ ಸಾಯುತ್ತದೆ. ಎತ್ತಿನ ಹೆಸರು ಹೊತ್ತ ಜೀವಿಯೇ ಎತ್ತಿನ ರೋಗಕ್ಕೆ ಆಸರೆಯಾಗಿರುವುದೊಂದು ವಿಪರ್ಯಾಸ! ಅದರೊಳಗೆ ಒಂದು ಮರಿ ನೂರಾರಾಗಿ ಹೆಚ್ಚುತ್ತದೆ. ಅವು ಮತ್ತೆ ನೀರಿಗಿಳಿದು ಹುಲ್ಲಿನ ಎಸಳಿಗೋ ಭತ್ತದ ಬುಡಕ್ಕೋ ಅಂಟಿಕೊಂಡು, ಸುತ್ತಲೂ ಗಟ್ಟಿ ಕೋಶ ಕಟ್ಟಿಕೊಂಡು ಕಾಯುತ್ತವೆ. ತೇವವಿದ್ದರೆ ಆ ಕೋಶಗಳು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬದುಕಿರಬಲ್ಲವು. ಬಿರುಬಿಸಿಲಿಗೆ ಒಣಗಿದರೆ ನಾಶವಾಗುತ್ತವೆ. ಈ ಜಾತಿಯ ಹುಳುಗಳ ಸುತ್ತುದಾರಿಯನ್ನು 1880ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಥಾಮಸ್ ಮತ್ತು ಜರ್ಮನಿಯ ಲ್ಯೂಕಾರ್ಟ್ ಎಂಬ ವಿಜ್ಞಾನಿಗಳು ಬೇರೆಬೇರೆಯಾಗಿ ಬಿಡಿಸಿ ತೋರಿಸಿದರು.

ಕಾರ್ತಿಕ, ಮಾರ್ಗಶಿರಗಳಲ್ಲಿ ತೋಡುಗಳಿಗೆ ಕಟ್ಟ ಕಟ್ಟಿ ತೋಟಕ್ಕೆ ನೀರು ನಿಲ್ಲಿಸುವುದು ಈ ಸೀಮೆಯ ಹಳೆಯ, ಒಳ್ಳೆಯ ಪದ್ಧತಿ. ಅದನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಆದರೆ ನಿಂತ ನೀರಿನ ಅಂಚೇ ಬಸವನಹುಳುವಿಗೆ ಮೆಚ್ಚಿನ ಜಾಗವಾದುದರಿಂದ ಅಲ್ಲಿ ದನಗಳನ್ನು ಮೇಯಿಸಬಾರದು, ಹಸಿ ಸೆಗಣಿಯನ್ನು ಕಲಕಿ ಕಣಿಗಳಿಗೆ ಬಿಡಬಾರದು. ಹಟ್ಟಿಗೊಬ್ಬರವನ್ನು ರಾಶಿ ಹಾಕಿ ಕಳಿಯಲು ಬಿಟ್ಟರೆ ಒಳಗಿನ ಕಾವಿಗೆ ಮೊಟ್ಟೆಗಳು ಸಾಯುತ್ತವೆ. ಬೈಹುಲ್ಲಿನ ಬುಡದ ಭಾಗವನ್ನು ಹಸಿಯಾಗಿ ಹಾಕದೆ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಕೊಡಬೇಕು. ಜಾವಾ ದ್ವೀಪದ ಭತ್ತದ ರೈತರಿಗೂ ಅಲ್ಲಿನ ತಜ್ಞರು ಹೇಳಿದ್ದು ಇದನ್ನೇ. ಕೊಳೆರೋಗಕ್ಕೆ ತಂದ ಮೈಲುತುತ್ತು ಬಸವನಹುಳುವನ್ನೂ ಕೊಲ್ಲುತ್ತದೆಂದು ಕೆಲವರು ಅದನ್ನು ತೋಡಿಗೆ ಸುರಿಯಲು ಯೋಚಿಸುವುದುಂಟು. ಮೀನು, ಕಪ್ಪೆಗಳೂ ಜೊತೆಗೆ ಸಾಯುತ್ತವೆ. ಅದು ಸರ್ವಥಾ ಕೂಡದು. ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ, ಕೆರೆಯಂಗಳದಲ್ಲಿ ಕುರಿ ಮೇಯಿಸುವ ಬಯಲುಸೀಮೆಯ ಭಕ್ತರಿಗೂ ಈ ಮಾತುಗಳು ಸಲ್ಲುತ್ತವೆ. ಕುರಿ, ಮೇಕೆಗಳಿಗಂತೂ ಈ ರೋಗ ಮಾರಕ.

ಇನ್ನು ಮನುಷ್ಯರ ವಿಚಾರ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಕನಿಷ್ಠ 24 ಲಕ್ಷ ಮಂದಿಗೆ ಈ ಸೋಂಕಿದೆ. ಭಾರತದಲ್ಲಿ ವರದಿಯಾದ ಪ್ರಕರಣಗಳು ವಿರಳ. ವಿರಳವೆಂದು ಮರೆಯುವಂತಿಲ್ಲ, ಏಕೆಂದರೆ ದನಕ್ಕೆ ಹುಲ್ಲಿನ ಮೂಲಕ ಬರುವುದು ನಮಗೆ ಹಸಿ ಸೊಪ್ಪಿನ ಮೂಲಕ ಬರುತ್ತದೆ. 1989ರಲ್ಲಿ ಇರಾನಿನ ಗಿಲಾನ್ ಪ್ರಾಂತ್ಯದಲ್ಲಿ ಸಾವಿರಾರು ಜನರು ಈ ಹುಳುವಿನಿಂದ ಹಾಸಿಗೆ ಹಿಡಿದರು. ಹಸಿ ಸೊಪ್ಪುಗಳನ್ನು ಉಪ್ಪಿನೊಡನೆ ಅರೆದು ಉಣ್ಣುವ ರೂಢಿ ಅಲ್ಲಿಯದು.

ಇದನ್ನು ಓದಿದೊಡನೆ ತುಳುವರು ತಿಮರೆಯೆನ್ನುವ ಒಂದೆಲಗ ನಮ್ಮ ಕಣ್ಣ ಮುಂದೆ ಬರುತ್ತದೆ. ಅದು ಹುಲುಸಾಗಿ ಹಬ್ಬುವುದು ಗದ್ದೆಯ ಹುಣಿಯಲ್ಲಿ, ತೋಟದ ಕಣಿಯಲ್ಲಿ. ಹಸಿಯಾಗಿಯೇ ಅರೆದ ಅದರ ಚಟ್ನಿ, ತಂಬುಳಿ ಈ ಸೀಮೆಯ ಮನೆಮನೆಯ ಊಟ. ಚರಕರು ಮಂಡೂಕಪರ್ಣಿಯೆಂದು ಕರೆದು ಅದರ ಸ್ವರಸವನ್ನು, ಅಂದರೆ ಹಸಿ ರಸವನ್ನೇ, ಮೇಧ್ಯ ರಸಾಯನವಾಗಿ ಹೇಳಿದ್ದಾರೆ. ನಾವೂ ಕೊಡುತ್ತೇವೆ. ಆದರೆ ಯಾವ ನೆಲದ ಎಲೆಯೆಂದು ಕೇಳದೆ ಕೊಡಲಾಗದು. ನೀರಿನಲ್ಲಿ ಎಷ್ಟು ತೊಳೆದರೂ ಎಲೆಗೆ ಕಚ್ಚಿಕೊಂಡ ಕೋಶಗಳು ಬಿಡುವುದಿಲ್ಲ. ಚೆನ್ನಾಗಿ ಬೇಯಿಸಿದರೆ ಸಾಯುತ್ತವೆ. ಹಸಿಯಾಗಿಯೇ ಬೇಕೆನ್ನುವವರು ದನ ಸುಳಿಯದ ಅಂಗಳದಲ್ಲಿ ಚಟ್ಟಿಗೆ ಮಣ್ಣು ತುಂಬಿ, ಬಾವಿಯ ನೀರೆರೆದು ಬೆಳೆಸಿಕೊಳ್ಳಲಿ. ನೀರುಬ್ರಾಹ್ಮಿಗೂ, ಕಾಮಾಲೆಯೆಂದೊಡನೆ ತೋಡಿನ ಬದಿಯಿಂದ ಕಿತ್ತು ತಂದು ಅರೆದು ಕುಡಿಸುವ ನಾಟಿಮದ್ದಿನ ಸೊಪ್ಪುಗಳಿಗೂ ಇದೇ ನಿಯಮ. ಯಕೃತ್ತು ಬಳಲಿರುವಾಗಲೇ ಯಕೃತ್ತಿನ ಹುಳುವನ್ನು ಕುಡಿಸುವುದು ಯಾವ ಚಿಕಿತ್ಸೆ?

ಹೊಟ್ಟೆ ಸೇರಿದ ಮರಿಹುಳು ಕರುಳನ್ನು ತೂರಿ ಯಕೃತ್ತನ್ನು ಕೊರೆಯುವಾಗ ಜ್ವರ, ಬಲಪಕ್ಕೆಯ ಮೇಲ್ಭಾಗದ ನೋವು, ಮೈಮೇಲೆ ಪಿತ್ತದ ಗಂಧೆ ಕಾಣುತ್ತವೆ. ರಕ್ತದಲ್ಲಿ ಇಯೋಸಿನೋಫಿಲ್ ಕಣಗಳು ಏರುತ್ತವೆ. ಮಲದಲ್ಲಿ ಮೊಟ್ಟೆ ಕಾಣಲು ಮೂರು ನಾಲ್ಕು ತಿಂಗಳು ಬೇಕಾದುದರಿಂದ ಆ ಹಂತದಲ್ಲಿ ಮಲಪರೀಕ್ಷೆ ಸುಳಿವು ಕೊಡದು. ಮುಂದೆ ಪಿತ್ತನಾಳ ಕಟ್ಟಿ ಶೂಲೆ, ಕಾಮಾಲೆ ಬರಬಹುದು. ಪಿತ್ತಕೋಶದ ಕಲ್ಲು ಅಥವಾ ಯಕೃತ್ತಿನ ಬಾವು ಎಂದು ತಪ್ಪಾಗಿ ತಿಳಿಯುವುದೂ ಇದೆ.

ಚರಕರು 20 ಬಗೆಯ ಕ್ರಿಮಿಗಳನ್ನು ಎಣಿಸಿ, ಹೊರತೆಗೆಯುವ ಅಪಕರ್ಷಣ, ಅವು ಬೆಳೆಯುವ ಸ್ಥಿತಿಯನ್ನೇ ಕೆಡಿಸುವ ಪ್ರಕೃತಿವಿಘಾತ, ಕಾರಣವನ್ನು ದೂರವಿಡುವ ನಿದಾನಪರಿವರ್ಜನ ಎಂದು ಮೂರು ಉಪಾಯಗಳನ್ನು ಹೇಳಿದರು. ಈ ರೋಗದಲ್ಲಿ ನಮ್ಮ ಕೈಯಲ್ಲಿರುವುದು ಮೂರನೆಯದು. ಕರುಳಿನ ಕ್ರಿಮಿಗೆ ಕೊಡುವ ವಾಯುವಿಳಂಗವನ್ನು ಪಿತ್ತನಾಳದ ಹುಳುವಿಗೆ ನೆಚ್ಚಿ ಕೂರುವುದು ತರವಲ್ಲ. ಅಂಗಡಿಯಲ್ಲಿ ಸಿಗುವ ಅಲ್ಬೆಂಡಜೋಲ್ ಮಾತ್ರೆಯೂ ಮನುಷ್ಯರಲ್ಲಿ ಇದಕ್ಕೆ ನಾಟುವುದಿಲ್ಲ. ಟ್ರೈಕ್ಲಬೆಂಡಜೋಲ್ ಎಂಬ ಔಷಧವೇ ಬೇಕು, ಅದನ್ನು ದೊಡ್ಡ ಆಸ್ಪತ್ರೆಯ ವೈದ್ಯರೇ ಕೊಡಬೇಕು. ಮೇಲಿನ ಲಕ್ಷಣಗಳುಳ್ಳವರು ತಮ್ಮ ಹಟ್ಟಿಯ ಹಾಗೂ ತಾವು ತಿಂದ ಸೊಪ್ಪಿನ ವಿಚಾರವನ್ನು ವೈದ್ಯರಿಗೆ ತಾವಾಗಿಯೇ ತಿಳಿಸಬೇಕು. ಅವರು ಕೇಳದೆಯೂ ಇರಬಹುದು.

ದನದ ಹಾಲಿನಿಂದ ಈ ಹುಳು ಬರುವುದೇ ಎಂದು ನಮ್ಮನ್ನು ಕೇಳುವವರಿದ್ದಾರೆ. ಬರುವುದಿಲ್ಲ. ಬಸವನಹುಳುವಿನ ಮೂಲಕ ಹಾದುಬಾರದೆ ಅದು ದನದಿಂದ ಮನುಷ್ಯನಿಗೆ ದಾಟಲಾರದು. ಎಂದಿನಂತೆ ಕಾಯಿಸಿ ಕುಡಿಯಬಹುದು. ಸಂಶಯವಿದ್ದರೆ ದನದ ಸೆಗಣಿಯನ್ನು ಪಶು ಆಸ್ಪತ್ರೆಯಲ್ಲಿ ಪರೀಕ್ಷಿಸಿ, ವೈದ್ಯರು ಹೇಳಿದ ಔಷಧವನ್ನೇ ಕುಡಿಸಬೇಕು. ಕರೆಯುವ ದನಕ್ಕೆ ಎಲ್ಲ ಔಷಧವೂ ಸಲ್ಲದು. ಔಷಧ ಕೊಟ್ಟ ಮೇಲೆ ಅವರು ಸೂಚಿಸಿದಷ್ಟು ದಿನ ಆ ಹಾಲನ್ನು ಮನೆಗೂ ಬಳಸಬಾರದು, ಡೈರಿಗೂ ಕೊಡಬಾರದು.