ಕ್ಷಯರೋಗವೂ ಔಷಧಕ್ಕೆ ಮಣಿಯದ ಕ್ರಿಮಿಗಳೂ

ಕ್ಷಯಕ್ಕೆ ಮದ್ದಿಲ್ಲವೆಂಬ ಮಾತು ಒಂದು ಕಾಲದಲ್ಲಿ ನಿಜವಾಗಿದ್ದಿತು. 1882ರಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಎಂಬ ವೈದ್ಯರು ಈ ರೋಗದ ಕ್ರಿಮಿಯನ್ನು ಕಂಡುಹಿಡಿದರು. ಅದನ್ನು ಅಡಗಿಸುವ ಸ್ಟ್ರೆಪ್ಟೊಮೈಸಿನ್ ಎಂಬ ಔಷಧವು ಅಮೆರಿಕದಲ್ಲಿ ದೊರೆತುದು 1943ರಲ್ಲಿ. ಬ್ರಿಟನ್ನಿನ ವೈದ್ಯರು ಅದನ್ನು ರೋಗಿಗಳಿಗೆ ಕೊಟ್ಟು ಪರೀಕ್ಷಿಸಿ, 1948ರಲ್ಲಿ ಫಲವನ್ನು ಪ್ರಕಟಿಸಿದರು. ಮೊದಲು ರೋಗಿಗಳು ಬಹಳವಾಗಿ ಸುಧಾರಿಸಿದರು. ಕೆಲವು ವಾರಗಳಾದ ಮೇಲೆ ಅನೇಕರ ಕಫದಲ್ಲಿ ಆ ಔಷಧಕ್ಕೆ ಮಣಿಯದ ಕ್ರಿಮಿಗಳು ಕಾಣಿಸಿಕೊಂಡುವು.

ಇದಕ್ಕೆ ಕಾರಣವನ್ನು ತಾಯಂದಿರೆಲ್ಲರೂ ತಿಳಿದಿರಬೇಕು. ಶ್ವಾಸಕೋಶದಲ್ಲಿ ಕುಳಿ ಬಿದ್ದಾಗ ಅದರಲ್ಲಿ ಕೋಟಿಗಟ್ಟಲೆ ಕ್ರಿಮಿಗಳಿರುತ್ತವೆ. ಅವು ಹೆಚ್ಚುವಾಗ, ಸುಮಾರು ಹತ್ತು ಲಕ್ಷಕ್ಕೊಂದು ಐಸೋನಿಯಾಜಿಡ್ ಎಂಬ ಔಷಧಕ್ಕೂ, ಸುಮಾರು ಹತ್ತು ಕೋಟಿಗೊಂದು ರಿಫಾಂಪಿಸಿನ್ ಎಂಬ ಔಷಧಕ್ಕೂ ತಾನಾಗಿಯೇ ಮಣಿಯದಂತೆ ಹುಟ್ಟುತ್ತದೆ. ಒಂದೇ ಔಷಧವನ್ನು ಕೊಟ್ಟರೆ ಉಳಿದವು ಸತ್ತು, ಮಣಿಯದವು ಮಾತ್ರ ಬೆಳೆಯುತ್ತವೆ. ಎರಡಕ್ಕೂ ಮಣಿಯದ ಕ್ರಿಮಿಯು ಒಮ್ಮೆಗೇ ಹುಟ್ಟುವುದು ಅತಿ ದುರ್ಲಭ. ಆದಕಾರಣವೇ ನಮ್ಮ ದೇಶದಲ್ಲಿ ಮೊದಲ ಎರಡು ತಿಂಗಳು ನಾಲ್ಕು ಔಷಧಗಳನ್ನೂ, ಅನಂತರದ ನಾಲ್ಕು ತಿಂಗಳು ಮೂರನ್ನೂ ಕೂಡಿಸಿ ಪ್ರತಿದಿನವೂ ಕೊಡುತ್ತಾರೆ.

2014ರಿಂದ 2016ರ ವರೆಗೆ ನಮ್ಮ ದೇಶದಲ್ಲಿ ನಡೆದ ಸಮೀಕ್ಷೆಯಲ್ಲಿ, ಮೇಲೆ ಹೇಳಿದ ಎರಡು ಔಷಧಗಳಿಗೂ ಮಣಿಯದ ರೋಗವು ಹೊಸ ರೋಗಿಗಳಲ್ಲಿ ನೂರಕ್ಕೆ 2.84ರಷ್ಟು, ಹಿಂದೆ ಔಷಧ ಸೇವಿಸಿದ್ದವರಲ್ಲಿ ನೂರಕ್ಕೆ 11.60ರಷ್ಟು ಕಂಡುಬಂದಿತು. ಈ ಎರಡನೆಯ ಅಂಕಿಯು ಅರ್ಧಕ್ಕೆ ನಿಂತ ಚಿಕಿತ್ಸೆಯ ಅಪಾಯವನ್ನು ಸೂಚಿಸುತ್ತದೆ. ಮೊದಲನೆಯದು ಇನ್ನೂ ಶೋಚನೀಯವಾದುದು. ಆ ಜನರು ಕ್ಷಯದ ಮಾತ್ರೆಯೊಂದನ್ನೂ ಬಿಟ್ಟವರಲ್ಲ. ಮತ್ತೊಬ್ಬರ ಕೆಮ್ಮಿನಿಂದ ಮೊಂಡುಬಿದ್ದ ಕ್ರಿಮಿಯನ್ನೇ ಪಡೆದವರು.

ತಪ್ಪು ಯಾವಾಗಲೂ ರೋಗಿಯದಲ್ಲ. ಔಷಧವು ಸಕಾಲಕ್ಕೆ ದೊರೆಯದಿರುವುದೂ, ಸರಿಯಲ್ಲದ ಚಿಕಿತ್ಸೆಯೂ, ಬಡತನವೂ ಕಾರಣಗಳಾಗಿವೆ. ಆದರೆ ಮನೆಯವರ ಕೈಯಲ್ಲಿರುವುದೂ ಬಹಳವಿದೆ. ಎರಡನೆಯ ತಿಂಗಳೊಳಗೆ ಜ್ವರ ಬಿಟ್ಟು, ಕೆಮ್ಮು ಕಡಮೆಯಾಗಿ, ಊಟ ಸೇರತೊಡಗಿದಾಗ ಗುಣವಾಯಿತೆಂದು ಮಾತ್ರೆಗಳನ್ನು ಬಿಡುವವರುಂಟು. ಮೂತ್ರವು ಕೆಂಪಾದುದನ್ನು ಕಂಡು ಹೆದರಿ ಬಿಡುವವರುಂಟು. ಅದು ರಿಫಾಂಪಿಸಿನ್ನಿನ ಬಣ್ಣವೇ ಹೊರತು ರಕ್ತವಲ್ಲ. ವಾಂತಿಯಾದರೆ ಅಥವಾ ಕಣ್ಣು ಹಳದಿಯಾದರೆ ಅಂದೇ ವೈದ್ಯರಲ್ಲಿಗೆ ಹೋಗಬೇಕು. ಇನ್ನು ಹೆಣ್ಣುಮಗಳಾದರೆ, ಸಂಬಂಧ ತಪ್ಪೀತೆಂದು ರೋಗವನ್ನೇ ಮುಚ್ಚಿಡುವವರುಂಟು. ಮದುವೆಯಾದ ಹುಡುಗಿಯು ಅತ್ತೆಯ ಮನೆಯಲ್ಲಿ ಮಾತ್ರೆ ತೆಗೆದುಕೊಳ್ಳಲು ಅಂಜಿ ಬಿಟ್ಟುಬಿಡುವುದೂ ಉಂಟು. ಆ ಗುಟ್ಟಿನ ಬೆಲೆಯನ್ನು ಅವಳೂ, ಅವಳ ಮಗ್ಗುಲಲ್ಲಿ ಮಲಗುವ ಕೂಸೂ ತೆರಬೇಕಾಗುತ್ತದೆ.

ಮಣಿಯದ ರೋಗಕ್ಕೂ ಈಗ ಉಪಾಯವಿದೆ. ರಿಫಾಂಪಿಸಿನ್ನಿಗೆ ಕ್ರಿಮಿಯು ಮಣಿಯುವುದೋ ಇಲ್ಲವೋ ಎಂಬುದನ್ನು ಸುಮಾರು ಎರಡು ಗಂಟೆಗಳಲ್ಲಿ ಹೇಳುವ ಯಂತ್ರಗಳು ಬಂದಿವೆ. ಹಿಂದೆ ಒಂದೂವರೆ ವರ್ಷಕ್ಕೂ ಮಿಕ್ಕಿ ನಡೆಯುತ್ತಿದ್ದ ಚಿಕಿತ್ಸೆಗೆ ಬದಲಾಗಿ, ತಕ್ಕ ರೋಗಿಗಳಿಗೆ ಆರು ತಿಂಗಳ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಅನುಮೋದಿಸಿತು. ಸರಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಪರೀಕ್ಷೆಯೂ ಔಷಧವೂ ಉಚಿತವಾಗಿವೆ.

ತಂದೆತಾಯಿಗಳಲ್ಲಿ ನಮ್ಮದೊಂದು ಬಿನ್ನಹ: ಮಗಳಿಗೆ ಎರಡು ವಾರ ಮೀರಿ ಕೆಮ್ಮಿದ್ದರೆ ಮರೆಮಾಚದೆ ಕಫವನ್ನು ಪರೀಕ್ಷೆ ಮಾಡಿಸಿರಿ. ರೋಗವೆಂದು ತಿಳಿದರೆ ನಮಗೂ ತಿಳಿಸಿರಿ. ವೈದ್ಯರು ಒಪ್ಪಿದೊಡನೆ ಅವಳು ತರಗತಿಗೆ ಮರಳಬಹುದು. ಅವಳ ಸ್ಥಳವು ತಪ್ಪದು. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಮನೆಯಲ್ಲಾಗಲಿ ನೆರೆಯಲ್ಲಾಗಲಿ ಇಂತಹ ರೋಗಿಯೊಬ್ಬರಿದ್ದರೆ, ಕೊನೆಯ ದಿನದ ಮಾತ್ರೆಯ ವರೆಗೂ ಅವರಿಗೆ ಜತೆಯಾಗಿರಿ.