ಗೆದ್ದ ವರ್ಷವೇ ಗಂಟುಮೂಟೆ ಕಟ್ಟಿದ ಹೋಂಡಾ

2021ರ ಡಿಸೆಂಬರ್ 12ರಂದು ಅಬುಧಾಬಿಯ ಟ್ರ್ಯಾಕ್‌ನಲ್ಲಿ ಮ್ಯಾಕ್ಸ್ ವರ್ಸ್ಟಾಪನ್ ಕೊನೆಯ ಸುತ್ತಿನಲ್ಲಿ ಲೂಯಿಸ್ ಹ್ಯಾಮಿಲ್ಟನ್‌ರನ್ನು ಹಿಂದಿಕ್ಕಿ ಫಾರ್ಮುಲಾ 1 ವಿಶ್ವ ಚಾಂಪಿಯನ್ ಆದರು. ಅಂದು ರೇಸ್ ಅಧಿಕಾರಿಗಳು ಕೊಟ್ಟ ತೀರ್ಪು ಸರಿಯೋ ತಪ್ಪೋ ಎಂಬ ಜಗಳ ಅಭಿಮಾನಿಗಳ ನಡುವೆ ಇನ್ನೂ ಆರಿಲ್ಲ. ಆ ಗದ್ದಲದಲ್ಲಿ ಒಂದು ವಿಚಿತ್ರ ಸಂಗತಿ ಯಾರ ಕಣ್ಣಿಗೂ ಸರಿಯಾಗಿ ಬೀಳಲಿಲ್ಲ. ವರ್ಸ್ಟಾಪನ್ ಓಡಿಸಿದ ರೆಡ್‌ಬುಲ್ ಕಾರಿನಲ್ಲಿದ್ದದ್ದು ಹೋಂಡಾ ಎಂಜಿನ್. 1991ರಲ್ಲಿ ಐರ್ಟನ್ ಸೆನ್ನಾ ಗೆದ್ದ ಮೇಲೆ, ಮೂವತ್ತು ವರ್ಷಗಳ ನಂತರ ಹೋಂಡಾಕ್ಕೆ ಸಿಕ್ಕ ಚಾಂಪಿಯನ್ ಪಟ್ಟ ಅದು. ಅಂದಿನ ಮಟ್ಟಿಗೆ, ಅಧಿಕೃತವಾಗಿ ಹೋಂಡಾದ ಕೊನೆಯ ರೇಸ್ ಕೂಡ ಅದೇ. ಹೊರನಡೆಯುವ ನಿರ್ಧಾರವನ್ನು ಕಂಪನಿ 2020ರ ಅಕ್ಟೋಬರ್‌ನಲ್ಲೇ ಪ್ರಕಟಿಸಿಬಿಟ್ಟಿತ್ತು.

ಸೋತವರು ಜಾಗ ಖಾಲಿ ಮಾಡುವುದು ಅರ್ಥವಾಗುತ್ತದೆ. ಗೆಲ್ಲುತ್ತಿರುವವರು ಏಕೆ ಹೋಗುತ್ತಾರೆ?

ಕಾರು ಕಂಪನಿಗಳು ರೇಸಿನಿಂದ ಹಿಂದೆ ಸರಿದಾಗ ಪತ್ರಿಕೆಗಳು ಸಾಮಾನ್ಯವಾಗಿ ಮೂರು ಕಾರಣ ಕೊಡುತ್ತವೆ: ದುಡ್ಡು, ಸೋಲು, ಸಾವು. ಮೂರೂ ಸುಳ್ಳಲ್ಲ. 1955ರ ಲೆ ಮಾನ್ಸ್ ರೇಸಿನಲ್ಲಿ ಮರ್ಸಿಡಿಸ್ ಕಾರೊಂದು ಪ್ರೇಕ್ಷಕರತ್ತ ಸಿಡಿದು ಎಂಬತ್ತಕ್ಕೂ ಹೆಚ್ಚು ಜನ ಸತ್ತರು; ಆ ವರ್ಷದ ಕೊನೆಗೆ ರೇಸಿಂಗ್ ಬಿಟ್ಟ ಮರ್ಸಿಡಿಸ್ ತನ್ನದೇ ತಂಡದೊಂದಿಗೆ ಫಾರ್ಮುಲಾ 1ಕ್ಕೆ ಮರಳಿದ್ದು 2010ರಲ್ಲಿ. ಆದರೆ ಈ ಕಾರಣಗಳು ಹೊರಡುವ ದಿನಾಂಕವನ್ನು ಹೇಳುತ್ತವೆಯೇ ಹೊರತು ಹೊರಡುವ ಮನಸ್ಸನ್ನಲ್ಲ ಎಂದು ನನಗನಿಸುತ್ತದೆ. ಆ ಮನಸ್ಸನ್ನು ಹುಡುಕಲು ಕಂಪನಿಯ ಪತ್ರಿಕಾ ಹೇಳಿಕೆ ಓದಿದರೆ ಸಾಲದು. ಅದರ ಎಂಜಿನಿಯರುಗಳು ಮರುದಿನ ಯಾವ ಮೇಜಿನ ಮುಂದೆ ಕೂತರು ಎಂದು ನೋಡಬೇಕು. ಇದಕ್ಕೆ ಹೋಂಡಾದಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ. ಬರುವುದು, ಹೋಗುವುದು, ಮತ್ತೆ ಬರುವುದು ಅದಕ್ಕೆ ಅರವತ್ತು ವರ್ಷಗಳ ಅಭ್ಯಾಸ.

ಹೋಂಡಾ 1964ರಲ್ಲಿ ಫಾರ್ಮುಲಾ 1ಕ್ಕೆ ಬಂದಾಗ ಅದು ಮೋಟಾರ್‌ಸೈಕಲ್ ಕಂಪನಿ. ಕಾರು ಮಾರತೊಡಗಿ ಒಂದೇ ವರ್ಷ ಆಗಿತ್ತು. 1965ರಲ್ಲಿ ಮೆಕ್ಸಿಕೊದಲ್ಲಿ ಮೊದಲ ಗೆಲುವು. 1968ರಲ್ಲಿ ಸಂಸ್ಥಾಪಕ ಸೊಯಿಚಿರೊ ಹೋಂಡಾ ಅವರಿಗೆ ಗಾಳಿಯಿಂದ ತಣಿಯುವ ಎಂಜಿನ್ನಿನ ಹುಚ್ಚು ಹಿಡಿದಿತ್ತು. ಆರ್‌ಎ302 ಎಂಬ ಆ ಕಾರನ್ನು ಓಡಿಸಲಾರೆ ಎಂದು ತಂಡದ ಮುಖ್ಯ ಚಾಲಕ ಜಾನ್ ಸರ್ಟೀಸ್ ದೂರ ನಿಂತರು. ಫ್ರಾನ್ಸಿನ ರುವಾನ್‌ನಲ್ಲಿ ಜೋ ಶ್ಲೆಸ್ಸರ್ ಅದನ್ನು ಓಡಿಸಿದರು. ಮೂರನೇ ಸುತ್ತಿನಲ್ಲಿ ಕಾರು ದಿಬ್ಬಕ್ಕೆ ಬಡಿದು, ಅದರ ಮೆಗ್ನೀಸಿಯಂ ಮೈಗೆ ಬೆಂಕಿ ಹತ್ತಿ ಅವರು ಅಲ್ಲೇ ತೀರಿಕೊಂಡರು. ಆ ವರ್ಷದ ಕೊನೆಗೆ ಹೋಂಡಾ ಹೊರಬಿತ್ತು.

ಅಲ್ಲಿಂದ ಮುಂದೆ ಆದದ್ದೇ ಮುಖ್ಯ. ಅಮೆರಿಕ 1970ರಲ್ಲಿ ಶುದ್ಧ ಗಾಳಿಯ ಕಾಯಿದೆ ತಂದು, ಕಾರಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೊಕಾರ್ಬನ್‌ಗಳನ್ನು ಐದೇ ವರ್ಷದಲ್ಲಿ ನೂರಕ್ಕೆ ತೊಂಬತ್ತರಷ್ಟು ಇಳಿಸಿ ಎಂದಿತು. ಸಾಧ್ಯವೇ ಇಲ್ಲ ಎಂದು ಡೆಟ್ರಾಯಿಟ್‌ನ ಕಾರು ಕಂಪನಿಗಳು ಗೊಣಗಿದವು. ಹೋಂಡಾದಲ್ಲಿ ರೇಸ್ ಎಂಜಿನ್‌ಗಳ ನಕ್ಷೆ ಬಿಡಿಸುತ್ತಿದ್ದ ತಡಾಶಿ ಕುಮೆ ಮೊದಲಾದವರು ಈ ಲೆಕ್ಕಕ್ಕೆ ಕೈಹಾಕಿದರು. ಹುಟ್ಟಿದ್ದು ಸಿವಿಸಿಸಿ ಎಂಜಿನ್. ಇದರಲ್ಲಿ ಪೆಟ್ರೋಲ್ ಉರಿಯುವ ಮುಖ್ಯ ಕೋಣೆಯ ಪಕ್ಕಕ್ಕೆ ಅಂಟಿಕೊಂಡಂತೆ ಒಂದು ಪುಟ್ಟ ಕೋಣೆ ಇರುತ್ತದೆ. ಪುಟ್ಟ ಕೋಣೆಯಲ್ಲಿ ಪೆಟ್ರೋಲ್ ಹೆಚ್ಚಿರುವ ಮಿಶ್ರಣಕ್ಕೆ ಕಿಡಿ ತಾಗಿಸಿದರೆ, ಅಲ್ಲಿಂದ ನುಗ್ಗುವ ಜ್ವಾಲೆ ದೊಡ್ಡ ಕೋಣೆಯ ತೆಳು ಮಿಶ್ರಣವನ್ನು ಪೂರ್ತಿ ಸುಡುತ್ತದೆ. ಹೊಗೆ ತೊಳೆಯುವ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದೆಯೇ ಹೋಂಡಾ ಸಿವಿಕ್ ಅಮೆರಿಕದ ಪರೀಕ್ಷೆಯಲ್ಲಿ ಪಾಸಾಯಿತು. ಕುಮೆ ಮುಂದೆ ಕಂಪನಿಯ ಅಧ್ಯಕ್ಷರಾದರು. ಅವರ ನಂತರ ಅಧ್ಯಕ್ಷರಾದ ನೊಬುಹಿಕೊ ಕವಾಮೊಟೊ ಕೂಡ ರೇಸ್ ಎಂಜಿನಿಯರೇ. ಅಷ್ಟರಲ್ಲಿ ಹೋಂಡಾ ಫಾರ್ಮುಲಾ 1ಕ್ಕೆ ಮರಳಿತ್ತು; 1986ರಿಂದ 1991ರವರೆಗೆ ಸತತ ಆರು ವರ್ಷ ಹೋಂಡಾ ಎಂಜಿನ್ನಿನ ತಂಡಗಳೇ ಚಾಂಪಿಯನ್ ಆಗಿದ್ದವು. ಅದಾದ ಮರುವರ್ಷ, 1992ರಲ್ಲಿ, ಫಾರ್ಮುಲಾ 1 ಬಾಗಿಲು ಮುಚ್ಚಿಸಿದ್ದು ಇದೇ ಕವಾಮೊಟೊ. ರೇಸಿಂಗ್ ಅರಿಯದ ಲೆಕ್ಕಿಗರು ತಂಡಗಳನ್ನು ಕೊಲ್ಲುತ್ತಾರೆ ಎಂಬ ಮಾತು ಎಲ್ಲ ಸಲವೂ ನಿಜವಲ್ಲ.

ಮತ್ತೆ ಬಂದ ಮೇಲಿನ ಮೂರನೆಯ ನಿರ್ಗಮನವನ್ನು ಹೋಂಡಾದವರು ನೆನೆಯಲು ಇಷ್ಟಪಡಲಿಕ್ಕಿಲ್ಲ. 2008ರ ಸೆಪ್ಟೆಂಬರ್‌ನಲ್ಲಿ ಲೇಮನ್ ಬ್ರದರ್ಸ್ ಬ್ಯಾಂಕ್ ಮುಳುಗಿತು, ಕಾರು ಮಾರಾಟ ಕುಸಿಯಿತು, ಡಿಸೆಂಬರ್‌ನಲ್ಲಿ ಹೋಂಡಾ ಅಂಗಡಿ ಮುಚ್ಚಿತು. ಬ್ರಿಟನ್ನಿನ ಬ್ರ್ಯಾಕ್ಲಿಯಲ್ಲಿದ್ದ ತಂಡವನ್ನು ಅದರ ಮುಖ್ಯಸ್ಥ ರಾಸ್ ಬ್ರಾನ್ ಒಂದು ಪೌಂಡಿಗೆ ಕೊಂಡರು. ಹೋಂಡಾ ದುಡ್ಡಿನಲ್ಲಿ ಆಗಲೇ ರೂಪುಗೊಂಡಿದ್ದ ಕಾರಿಗೆ ಮರ್ಸಿಡಿಸ್ ಎಂಜಿನ್ ಕೂರಿಸಿದರು. 2009ರ ಮೊದಲ ಏಳು ರೇಸುಗಳಲ್ಲಿ ಚಾಲಕ ಜೆನ್ಸನ್ ಬಟನ್ ಆರನ್ನು ಗೆದ್ದು ಚಾಂಪಿಯನ್ ಆದರು. ಆಮೇಲೆ ಆ ತಂಡವನ್ನು ಮರ್ಸಿಡಿಸ್ಸೇ ಕೊಂಡಿತು. 2014ರಿಂದ 2021ರವರೆಗೆ ಸತತ ಎಂಟು ವರ್ಷ ತಂಡಗಳ ಪ್ರಶಸ್ತಿ ಬ್ರ್ಯಾಕ್ಲಿಗೇ ಹೋಯಿತು. ಬಿತ್ತಿದವರು ಬೆಳೆ ಕೊಯ್ಯುವ ಮುಂಚೆಯೇ ಹೊಲ ಮಾರಿದ್ದರು.

ಇನ್ನು ನಾಲ್ಕನೆಯದು. ಅದನ್ನು ಅರಿಯಲು 2014ರ ಎಂಜಿನ್ ನಿಯಮ ತಿಳಿಯಬೇಕು. ಗಂಟೆಗೆ 100 ಕಿಲೋಗಿಂತ ಹೆಚ್ಚು ಇಂಧನ ಹರಿಸುವಂತಿಲ್ಲ ಎಂದು ಆ ನಿಯಮ ಮಿತಿ ಹಾಕಿತು. ಅಷ್ಟು ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿ ಸುಮಾರು 1,200 ಕಿಲೋವಾಟ್. ಎಲ್ಲರಿಗೂ ಇಂಧನ ಒಂದೇ ಆದಾಗ, ಅದರಲ್ಲಿ ಎಷ್ಟು ಪಾಲು ಚಕ್ರ ಮುಟ್ಟುತ್ತದೆ ಎಂಬುದೇ ಪಂದ್ಯ. ನಮ್ಮ ರಸ್ತೆಯ ಒಳ್ಳೆಯ ಪೆಟ್ರೋಲ್ ಎಂಜಿನ್ ತನ್ನ ಅತ್ಯುತ್ತಮ ಸ್ಥಿತಿಯಲ್ಲಿ ನೂರಕ್ಕೆ 40ರ ಆಸುಪಾಸು ಉಳಿಸಿಕೊಡುತ್ತದೆ. ಉಳಿದದ್ದು ಬಿಸಿಯಾಗಿ ರೇಡಿಯೇಟರ್ ಮತ್ತು ಸೈಲೆನ್ಸರ್ ಪಾಲು. 2017ರಲ್ಲಿ ಮರ್ಸಿಡಿಸ್ ತನ್ನ ಪರೀಕ್ಷಾ ಕೊಠಡಿಯಲ್ಲಿ 50 ದಾಟಿತು.

ಈ ಸಾಧನೆಯ ಗುಟ್ಟುಗಳಲ್ಲಿ ಒಂದು ಎಂಜಿಯು-ಎಚ್ ಎಂಬ ಯಂತ್ರ. ಹಳ್ಳಿಮನೆಯ ಕೋಡೊಲೆ ನೋಡಿದವರಿಗೆ ಇದರ ತತ್ವ ಗೊತ್ತು: ಮುಖ್ಯ ಒಲೆ ದಾಟಿ ಬರುವ ಬಿಸಿಯನ್ನು ಹೋಗಗೊಡದೆ ಇನ್ನೊಂದು ಪಾತ್ರೆಗೆ ಕೊಡುವುದು. ಎಂಜಿನ್ನಿನಿಂದ ಹೊರನುಗ್ಗುವ ಬಿಸಿ ಹೊಗೆ ಟರ್ಬೊದ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡಕ್ಕೆ ಒಂದು ವಿದ್ಯುತ್ ಮೋಟಾರ್ ಜೋಡಿಸಿದರೆ ಪುಕ್ಕಟೆ ಕರೆಂಟು. ಹೇಳಲು ಸುಲಭ. ಆ ದಂಡ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬೇಕು, ಒಂದು ತುದಿಯಲ್ಲಿ ಕೆಂಪಗೆ ಕಾದ ಚಕ್ರ, ಇನ್ನೊಂದು ತುದಿಯಲ್ಲಿ ತಣ್ಣನೆ ಗಾಳಿ ಒತ್ತುವ ಚಕ್ರ, ನಡುವೆ ಮೋಟಾರ್. ಕೂದಲೆಳೆಯಷ್ಟು ಅಲುಗಿದರೂ ಬೇರಿಂಗ್ ಪುಡಿ.

2015ರಲ್ಲಿ ಮೆಕ್‌ಲಾರೆನ್ ಜೊತೆ ಮರಳಿದ ಹೋಂಡಾ ಮೂರು ವರ್ಷ ಇದರಲ್ಲೇ ಒದ್ದಾಡಿತು. ಜಪಾನಿನಲ್ಲಿ, ಹೋಂಡಾದ ಸ್ವಂತ ಟ್ರ್ಯಾಕ್ ಸುಜುಕಾದಲ್ಲೇ, ಇದು ಕೆಳದರ್ಜೆಯ ಎಂಜಿನ್ ಎಂದು ತಂಡದ ಚಾಲಕ ಫರ್ನಾಂಡೊ ಅಲೊನ್ಸೊ ರೇಡಿಯೊದಲ್ಲಿ ಮೂದಲಿಸಿದ್ದು ಜಗತ್ತಿಗೇ ಕೇಳಿಸಿತು. ಕಡೆಗೆ ಸಹಾಯಕ್ಕೆ ಬಂದವರು ಕಂಪನಿಯದೇ ವಿಮಾನ ಎಂಜಿನ್ ವಿಭಾಗದವರು. ಪುಟ್ಟ ಜೆಟ್ ವಿಮಾನದ ಎಂಜಿನ್ ಮಾಡುವ ಅವರಿಗೆ ಉದ್ದನೆಯ ದಂಡವನ್ನು ಅಲುಗದಂತೆ ತಿರುಗಿಸುವುದು ದಿನನಿತ್ಯದ ಕೆಲಸ. ದಹನದ ವೇಗ ಹೆಚ್ಚಿಸಲು ಪಕ್ಕದ ಪುಟ್ಟ ಕೋಣೆಯಲ್ಲಿ ಕಿಡಿ ಹೊತ್ತಿಸುವ ವಿಧಾನವೂ ಸೇರಿತು. ಸಿವಿಸಿಸಿ ನೆನಪಾಯಿತೇ? ರೇಸಿನಿಂದ ರಸ್ತೆಗೆ ಜ್ಞಾನ ಹರಿಯುತ್ತದೆ ಎಂದು ಜಾಹೀರಾತುಗಳು ಹೇಳುತ್ತವೆ. ಇಲ್ಲಿ ಅದು ಆಕಾಶದಿಂದಲೂ ರಸ್ತೆಯಿಂದಲೂ ರೇಸಿಗೆ ಹರಿದಿತ್ತು.

ಸಮಸ್ಯೆ ಬಿಡಿಸಿದ್ದಾಯಿತು, ಆದರೆ ಅದರ ಉತ್ತರಕ್ಕೆ ರಸ್ತೆಯಲ್ಲಿ ಗಿರಾಕಿ ಇಲ್ಲ. ಫಾರ್ಮುಲಾ 1 ಚಾಲಕ ಸುತ್ತಿನ ಬಹುಪಾಲು ಆಕ್ಸಿಲರೇಟರ್ ಪೂರ್ತಿ ತುಳಿದಿರುತ್ತಾನೆ. ಹೊಗೆಯಲ್ಲಿ ಬಿಸಿ ದಂಡಿಯಾಗಿರುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ತೆವಳುವ ಕಾರಿನ ಹೊಗೆಯಲ್ಲಿ ಹಿಡಿದಿಡುವಷ್ಟು ಶಕ್ತಿಯೇ ಇಲ್ಲ, ಯಂತ್ರದ ಬೆಲೆಯೋ ಆಕಾಶದಲ್ಲಿ. 2020ರಲ್ಲಿ ಹೋಂಡಾ ಕೊಟ್ಟ ಕಾರಣ ಇಷ್ಟೇ: 2050ರೊಳಗೆ ಇಂಗಾಲಮುಕ್ತ ಆಗಬೇಕು, ಬ್ಯಾಟರಿ ಮತ್ತು ಫ್ಯೂಯೆಲ್ ಸೆಲ್ ಕೆಲಸಕ್ಕೆ ಜನ ಬೇಕು. ಒಳ್ಳೆಯ ಎಂಜಿನಿಯರುಗಳ ಸಂಖ್ಯೆ ಯಾವ ಕಂಪನಿಯಲ್ಲೂ ಅಕ್ಷಯವಲ್ಲ.

ಎಲೆಕ್ಟ್ರಿಕ್ ರೇಸಿಂಗ್‌ಗೆ ಹೋದರೆ ಈ ತೊಡಕು ತೀರುತ್ತದೆ ಎಂದು ಕೆಲವರು ಎಣಿಸಿದ್ದರು. 2014ರಲ್ಲಿ ಶುರುವಾದ ಫಾರ್ಮುಲಾ ಇ ಸರಣಿಗೆ ಬಿಎಂಡಬ್ಲ್ಯು, ಔಡಿ, ಮರ್ಸಿಡಿಸ್ ಎಲ್ಲರೂ ಬಂದರು. ಆದರೆ ಖರ್ಚು ಹತೋಟಿಯಲ್ಲಿಡಲು ಅಲ್ಲಿ ಎಲ್ಲರಿಗೂ ಒಂದೇ ಬ್ಯಾಟರಿ. ವಿದ್ಯುತ್ ಕಾರಿನ ಪ್ರಾಣವೇ ಬ್ಯಾಟರಿ. ಅದನ್ನೇ ಮುಟ್ಟಬೇಡಿ ಎಂದರೆ ಉಳಿಯುವುದು ಮೋಟಾರ್ ಮತ್ತು ಸಾಫ್ಟ್‌ವೇರ್. ಈ ಬಗೆಯ ರೇಸಿನಿಂದ ಕಲಿಯುವುದು ಬಹುಮಟ್ಟಿಗೆ ಮುಗಿಯಿತು ಎಂದು ಬಿಎಂಡಬ್ಲ್ಯು ಬಾಯಿಬಿಟ್ಟೇ ಹೇಳಿ 2021ರಲ್ಲಿ ಹೊರಟಿತು. ಔಡಿಯೂ ಅದೇ ವರ್ಷ, ಮರ್ಸಿಡಿಸ್ ಮರುವರ್ಷ. ಆದರೆ ಮೊದಲ ಸೀಸನ್ನಿನಿಂದ ಇದ್ದ ಮಹೀಂದ್ರಾ ಉಳಿಯಿತು. ಬೆಂಗಳೂರಿನ ರೇವಾ ಕಂಪನಿಯನ್ನು 2010ರಲ್ಲಿ ಕೊಂಡು ವಿದ್ಯುತ್ ಕಾರಿಗೆ ಇಳಿದ ಅದಕ್ಕೆ, ಜಗತ್ತಿನೆದುರು ತಾನೂ ಇದ್ದೇನೆ ಎಂದು ತೋರಿಸುವ ವೇದಿಕೆಯಾಗಿಯೂ ಆ ಸರಣಿ ಬೇಕಿತ್ತೆಂದು ನನ್ನ ಊಹೆ. ಫೆರಾರಿಯ ಕಥೆ ಬೇರೆ. ಅದು ರೇಸ್ ಬಿಟ್ಟರೆ ಮಾರಲು ಏನು ಉಳಿಯುತ್ತದೆ?

ಫಾರ್ಮುಲಾ 1 ಆಡಳಿತಗಾರರಿಗೆ ಇದೆಲ್ಲ ಗೊತ್ತಾಗದೆ ಇರಲಿಲ್ಲ. ಹೊಸ ಕಂಪನಿಗಳನ್ನು ಕರೆಯಲು 2022ರ ಆಗಸ್ಟ್‌ನಲ್ಲಿ ಅವರು 2026ರ ಎಂಜಿನ್ ನಿಯಮ ಒಪ್ಪಿದರು: ಎಂಜಿಯು-ಎಚ್ ರದ್ದು, ವಿದ್ಯುತ್ ಮೋಟಾರಿನ ಬಲ 120 ಕಿಲೋವಾಟ್‌ನಿಂದ 350ಕ್ಕೆ, ಭೂಗರ್ಭದ ಎಣ್ಣೆಯ ಬದಲು ಸುಸ್ಥಿರ ಇಂಧನ. ಅದೇ ತಿಂಗಳು ಔಡಿ ತಾನು ಬರುತ್ತೇನೆಂದು ಸಾರಿತು. 2023ರ ಮೇ ತಿಂಗಳಲ್ಲಿ ಹೋಂಡಾ ಕೂಡ ಆಸ್ಟನ್ ಮಾರ್ಟಿನ್ ಜೊತೆ ಮರಳುವುದಾಗಿ ಹೇಳಿತು. ಅಷ್ಟಕ್ಕೂ ಅದು ಪೂರ್ತಿ ಹೋಗಿರಲೇ ಇಲ್ಲ. ರೆಡ್‌ಬುಲ್ ಎಂಜಿನ್‌ಗಳು ಜಪಾನಿನ ಸಕುರಾದಲ್ಲಿ ಹೋಂಡಾ ಕೈಯಲ್ಲೇ ತಯಾರಾಗುತ್ತಿದ್ದವು.

ಹೋಂಡಾವನ್ನು ಕರೆತಂದ ಅದೇ ನಿಯಮ ರೆನೋವನ್ನು ಹಿಡಿದಿಡಲಿಲ್ಲ. 1977ರಲ್ಲಿ ಫಾರ್ಮುಲಾ 1ಕ್ಕೆ ಟರ್ಬೊ ತಂದ ಕಂಪನಿ ಅದು. 2024ರ ಸೆಪ್ಟೆಂಬರ್ 30ರಂದು, ಪ್ಯಾರಿಸ್ ಬಳಿಯ ವಿರಿ-ಶಾಟಿಯೋಂ ಕಾರ್ಖಾನೆಯ ನೌಕರರು ಪ್ರತಿಭಟಿಸಿದ್ದರೂ, ಎಂಜಿನ್ ಕೆಲಸ 2025ಕ್ಕೆ ಮುಗಿಸುವುದಾಗಿ ಪ್ರಕಟಿಸಿತು. ಅದರ ಆಲ್ಪೀನ್ ತಂಡ ರೇಸಿನಲ್ಲಿ ಉಳಿಯಿತು, ಮರ್ಸಿಡಿಸ್‌ನಿಂದ ಎಂಜಿನ್ ಕೊಂಡುಕೊಂಡು. ವಿರಿಯ ಎಂಜಿನಿಯರುಗಳಿಗೆ ಕಂಪನಿ ಕೊಟ್ಟ ಹೊಸ ಕೆಲಸಗಳ ಪಟ್ಟಿಯಲ್ಲಿ ಬ್ಯಾಟರಿ ಮತ್ತು ವಿದ್ಯುತ್ ಮೋಟಾರ್ ಇದ್ದವು.