ಅಂಗಡಿಗೆ ಕಿರ್ದಿ ಇದೆ, ಮಕ್ಕಳ ಶಾಲೆಗೆ?

ವ್ಯಾಪಾರದಲ್ಲಿ ಲೆಕ್ಕ ತಪ್ಪಬಾರದೆಂಬುದು ನಮ್ಮ ಮನೆತನಗಳಿಗೆ ಹಿರಿಯರಿಂದ ಬಂದ ಪಾಠ. ಅಂದಿನ ಜಮೆ, ಖರ್ಚು, ಉದ್ರಿ ಎಲ್ಲವೂ ಅಂದೇ ಕಿರ್ದಿಗೆ ಏರುತ್ತವೆ. ಆದರೆ ಅದೇ ಮನೆಯ ಮಗುವಿಗೆ ಪರೀಕ್ಷೆ ಯಾವಾಗ, ಶುಲ್ಕ ಕಟ್ಟಲು ಕೊನೆಯ ದಿನ ಯಾವುದು ಎಂದು ಕೇಳಿದರೆ, ಗಲ್ಲೆಯ ಮೇಲೆ ಕುಳಿತ ತಂದೆ ಮನೆಗೆ ಫೋನ್ ಮಾಡಬೇಕಾಗುತ್ತದೆ. ಶಾಲೆಯ ಲೆಕ್ಕವೆಲ್ಲ ತಾಯಿಯೊಬ್ಬಳ ನೆನಪಿನಲ್ಲಿರುತ್ತದೆ.

ಉಮರ್ಗಾ, ನಿಲಂಗಾ, ಉದಗೀರ ಭಾಗದಲ್ಲಿ ಈ ತೊಡಕು ಇನ್ನೂ ಹೆಚ್ಚು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ನಿಲಂಗಾ, ಉದಗೀರ ತಾಲ್ಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು. ಗಡಿ ಸರಿಯಿತು, ಮನೆಮಾತು ಸರಿಯಲಿಲ್ಲ. ಇಂದು ಅನೇಕ ಮನೆಗಳಲ್ಲಿ ಮಾತು ಕನ್ನಡ, ಶಾಲೆಯ ಸೂಚನೆ ಮರಾಠಿ, ತುಂಬಬೇಕಾದ ಅರ್ಜಿ ಇಂಗ್ಲಿಷ್. ಸೂಚನೆ ಬರುವುದೂ ವಾಟ್ಸಾಪ್ ಗುಂಪಿನಲ್ಲಿ. ಶುಭೋದಯದ ಚಿತ್ರಗಳ ನಡುವೆ ಅದು ಹೂತುಹೋಗುತ್ತದೆ.

ಇದರಿಂದ ಆಗುವ ನಷ್ಟ ಸಣ್ಣದಲ್ಲ. 2014ರ ಜನವರಿಯಲ್ಲಿ ಕೇಂದ್ರ ಸರಕಾರ ಜೈನರನ್ನು ಅಲ್ಪಸಂಖ್ಯಾತರೆಂದು ಘೋಷಿಸಿತು. ಆದರೆ ಸೌಲಭ್ಯ ಯಾವುದೇ ಇರಲಿ, ಅರ್ಜಿಯ ದಿನ ದಾಟಿದರೆ ಮಗುವಿಗೆ ಅದು ದಕ್ಕುವುದಿಲ್ಲ.

ಹಾಗಾದರೆ ನಮ್ಮಂಥ ಮನೆಗೆ ಎಂಥ ಆ್ಯಪ್ ಬೇಕು? ಕಿರ್ದಿಯಂತೆ ಸರಳವಾದುದು ಸಾಕು. ಒಂದು ಸಾಲಿನಲ್ಲಿ ಐದೇ ಮನೆಗಳಿರಲಿ: ಯಾವ ಮಗು, ಯಾವ ದಿನ, ಏನು ಕೆಲಸ, ಯಾರ ಜವಾಬ್ದಾರಿ, ಆಯಿತೋ ಇಲ್ಲವೋ. ತೆರೆದೊಡನೆ ಇಂದು ಮತ್ತು ನಾಳೆಯ ಕೆಲಸ ಮಾತ್ರ ಕಾಣಲಿ. ಅಕ್ಷರ ದೊಡ್ಡದಿರಲಿ, ಅಜ್ಜಿಗೂ ಓದಲು ಬರುವಂತೆ ಕನ್ನಡದಲ್ಲಿರಲಿ. ಮೂಲ ಮರಾಠಿ ಸೂಚನೆಯ ಫೋಟೋ ಪಕ್ಕದಲ್ಲೇ ಇರಲಿ. ತಾಯಿ ಮನೆಯಲ್ಲಿ ಬರೆದದ್ದು ತಂದೆಗೆ ಅಂಗಡಿಯಲ್ಲಿ ಕಾಣಬೇಕು. ನೆಟ್‌ವರ್ಕ್ ಇಲ್ಲದಾಗಲೂ ಹಳೆಯ ಸಾಲುಗಳು ತೆರೆಯಬೇಕು. ಶಾಲೆಯ ಪ್ರವಾಸವಿದ್ದರೆ ಸೂರ್ಯಾಸ್ತಕ್ಕೆ ಮುಂಚಿನ ಬುತ್ತಿಯನ್ನೂ ಒಂದು ಸಾಲಾಗಿ ಬರೆಯಬಹುದು.

ಇದಕ್ಕೆ ದೊಡ್ಡ ಕಂಪನಿ ಬೇಕಿಲ್ಲ. ಮೊದಲು ಒಂದು ತಿಂಗಳು ನೋಟುಬುಕ್ಕಿನಲ್ಲಿ ಈ ಐದು ಮನೆಗಳನ್ನು ಎಳೆದು ನಡೆಸಿ ನೋಡೋಣ. ಯಾವ ಮನೆ ಖಾಲಿ ಉಳಿಯುತ್ತದೋ ಅದು ಬೇಡವೆಂದು ತಿಳಿಯುತ್ತದೆ. ಬಳಿಕ ಅದನ್ನೇ ಗೂಗಲ್ ಶೀಟ್ಸ್‌ನಲ್ಲಿ ಮಾಡಿ, ಮನೆಯವರ ಫೋನುಗಳಿಗೆ ಹಂಚಬಹುದು. ಗೂಗಲ್ 2020ರಲ್ಲಿ ಕೊಂಡ ಆ್ಯಪ್‌ಶೀಟ್ ಎಂಬ ಸಾಧನ ಇಂಥ ಕೋಷ್ಟಕವನ್ನೇ ಆ್ಯಪ್ ಆಗಿ ಮಾಡಿಕೊಡುತ್ತದೆ. ಪ್ರೋಗ್ರಾಮ್ ಬರೆಯಲು ಬರಬೇಕೆಂದಿಲ್ಲ. ಕಾಲೇಜಿಗೆ ಹೋಗುವ ಮಕ್ಕಳು ಮನಸ್ಸು ಮಾಡಿದರೆ ತಮ್ಮ ಮನೆಗೂ ನೆರೆಮನೆಗೂ ಮಾಡಿಕೊಡಬಲ್ಲರು.

ಒಂದು ಎಚ್ಚರ ಅಗತ್ಯ. ಮಕ್ಕಳ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಪಾಸ್‌ವರ್ಡ್ ಇದರಲ್ಲಿ ಬರೆಯಬಾರದು. ತಿಜೋರಿಯ ಕೀಲಿಯನ್ನು ನಾವು ಕಿರ್ದಿಯಲ್ಲಿ ಇಡುತ್ತೇವೆಯೇ? 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯೂ 18 ವರ್ಷದೊಳಗಿನವರ ಮಾಹಿತಿಗೆ ಪಾಲಕರ ಒಪ್ಪಿಗೆ ಬೇಕೆನ್ನುತ್ತದೆ. ಅಪರಿಚಿತ ಆ್ಯಪ್ ಮಗುವಿನ ವಿವರ ಕೇಳಿದರೆ, ಏಕೆಂದು ಕೇಳಿಯೇ ಕೊಡಬೇಕು.

ಬಂಧುಗಳೇ, ಆ್ಯಪ್ ನೆನಪಿಸಬಲ್ಲದು, ಮಗುವಿನ ಮುಖ ನೋಡಲಾರದು. ರಾತ್ರಿ ಕಿರ್ದಿ ಮುಚ್ಚುವ ಮುನ್ನ ತಂದೆಯೂ ಈ ಪುಟ ತೆರೆದು, ಮಗುವನ್ನು ಹತ್ತಿರ ಕರೆದು, ಒಂದು ಸಾಲಿನ ಹೊಣೆಯನ್ನಾದರೂ ತನ್ನ ಹೆಸರಿಗೆ ಬರೆದುಕೊಳ್ಳಲಿ. ತಾಯಿಯ ಹೊರೆ ಅಷ್ಟು ಹಗುರಾಗುತ್ತದೆ.